ಒಂದಿರುಳಿನ ಅಗಲದ ಬೆಟ್ಟ

ಆಳದಾಳದೊಳಿರುವ ದೇವನೆ
ಕೇಳುವವರೊಳು ಕಿವಿಯನಿರಿಸಿದೆ
ಏಳು ಕಡಲಿನ ನೀರ ನಡುವಣ ನಿನ್ನ ಬೆರಗನು ನಾ
ಬಾಳಿಗೊಲುಮೆಯ ಬೆಸೆದ ಕಥೆಯಲಿ
ಹೇಳಹೊರಟೆನು ಮನ್ನಿಸೆನ್ನನು
ತಾಳತಪ್ಪದ ನುಡಿಯನೀಯುತ ನಡೆಸು ದಡದನಕ

ಹಡಗಿನ ಹಗ್ಗ ಬಿಚ್ಚುವ ಮುನ್ನ ಕೈಮುಗಿಯುವುದು ಹಿರಿಯರು ಕಲಿಸಿದ ಕ್ರಮ. ಕಥೆಗೂ ಅದೇ ಕ್ರಮ. ಇನ್ನು ಕಥೆ.

ಯಂತ್ರದ ಕೋಣೆಯ ಬಾಗಿಲು ತೆರೆದೊಡನೆ ಆಕೆಗೆ ಮೊದಲು ಕಂಡದ್ದು ಎರಡು ಕಾಲುಗಳು. ಮಿಕ್ಕ ಮನುಷ್ಯ ಹಳೆಯ ಎಕೋ ಯಂತ್ರದ ಅಡಿಯಲ್ಲಿ ಅಡಗಿದ್ದ. ಆಮೇಲೆ ಕಂಡದ್ದು ಗೋಡೆ. ಹಿಂದಿನ ದಿನವಷ್ಟೇ ಆಕೆ ನಿಂತು ತೂಗುಹಾಕಿಸಿದ್ದ ವಿವರಣೆಯ ಫಲಕ, ಮುನಿಸಿಕೊಂಡ ಮಗುವಿನಂತೆ ಗೋಡೆಗೆ ಮುಖ ಮಾಡಿ ನಿಂತಿತ್ತು.

"ಇದನ್ನ ಯಾರು ತಿರುಗಿಸಿದ್ದು?"

"ನಾನೇ," ಎಂದವು ಕಾಲುಗಳು.

"ಒರೆಸೋಕಾ?"

"ಅಲ್ಲ. ಓದೋಕಾಗಲ್ಲ ಅಂತ."

"ಅಕ್ಷರ ಚಿಕ್ಕದಾಯ್ತಾ?"

"ಅಕ್ಷರ ಸರಿಯಾಗೇ ಇದೆ, ಮೇಡಂ."

ಕಾಲುಗಳ ಹಿಂದೆ ಮನುಷ್ಯನೂ ಹೊರಬಂದ. ಹಣೆಯ ಮೇಲೆ ಗ್ರೀಸಿನ ಗೆರೆ, ತುಟಿಗಳ ನಡುವೆ ಸ್ಕ್ರೂ. ಅದನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ಆಕೆಯನ್ನು ನೋಡಿದ. ಮಾತಿನಲ್ಲಿ ಆಡಬೇಕಾದದ್ದನ್ನೆಲ್ಲ ಕಣ್ಣಿಗೆ ಹೊರಿಸಿ ತಾನು ಕೈಕಟ್ಟಿ ನಿಲ್ಲುವ ಜಾತಿಯ ನೋಟ ಅದು. ಆಕೆ ಫಲಕವನ್ನು ಮತ್ತೆ ನೇರವಾಗಿ ತಿರುಗಿಸಿದಳು. ಆತ ಮತ್ತೆ ಯಂತ್ರದ ಅಡಿಗೆ ಜಾರಿದ.

ಮರುದಿನ ಬಂದು ನೋಡಿದರೆ ಫಲಕ ಪುನಃ ಗೋಡೆಯನ್ನು ನೋಡುತ್ತಿತ್ತು.

ಆಕೆ ಕಡಲಸಂಸ್ಥೆಯ ವಿಜ್ಞಾನಿ. ನೀರಿನೊಳಗಿನ ದನಿಗಳನ್ನು ಆಲಿಸುವುದೇ ಆಕೆಯ ಓದು, ಆಕೆಯ ಉದ್ಯೋಗ. ಅದಕ್ಕೇ ಹಡಗಿನವರು ಆಕೆಗೆ ಕಿವಿಯಮ್ಮ ಎಂದು ಹೆಸರಿಟ್ಟಿದ್ದರು. ಹಳೆಯ ಉಪಕರಣಗಳಿಗೆ ಜೀವ ಕೊಡಲು ಬಂದಿದ್ದ ಆ ಮೆಕ್ಯಾನಿಕ್‌ಗೆ ಮೌನಿ ಎಂಬ ಹೆಸರು. "ಕೇಳೋಳಿಗೆ ಮಾತಾಡದವನು ಸಿಕ್ಕಿದ, ಒಳ್ಳೆ ಜೋಡಿ," ಎಂದು ಅಡುಗೆಯವರು ಆಗಲೇ ಒಗ್ಗರಣೆ ಹಾಕಿದ್ದರು.

ಹಡಗಿಗೂ ಅಡ್ಡಹೆಸರಿತ್ತು. ಬಂದರಿನ ದಕ್ಕೆಯವರೆಲ್ಲರ ಬಾಯಲ್ಲಿ ಅವಳು ದೊಡ್ಡಮ್ಮ. ಮೂರು ತಲೆಮಾರಿನ ವಿಜ್ಞಾನಿಗಳನ್ನು ಮಡಿಲಲ್ಲಿ ಹೊತ್ತು, ಯಾರೂ ಕಾಣದ ಕಡಲುಗಳನ್ನು ತೋರಿಸಿ, ಮರಳಿ ದಡಕ್ಕೆ ತಂದೊಪ್ಪಿಸಿದ ಸಂಶೋಧನಾ ಹಡಗು. ಪಕ್ಕದಲ್ಲಿ ಹೊಸ ಹಡಗು ಬಂದು ನಿಂತಿತ್ತು. ಬಿಳಿಯ ಬಣ್ಣ, ಗಾಜಿನ ಮೈ. ಅವಳ ಹೆಸರು ಸೊಸೆ. ದೊಡ್ಡಮ್ಮ ಇನ್ನು ವಸ್ತುಸಂಗ್ರಹಾಲಯವಾಗುವವಳು. ಅದಕ್ಕೆ ಮುನ್ನ ಅವಳಲ್ಲಿ ದುಡಿದ ಹಿರಿಯರನ್ನೆಲ್ಲ ಹತ್ತಿಸಿಕೊಂಡು ಕೊನೆಯದೊಂದು ಯಾನ. ಹಿಂದಿರುಗಿದ ಮೇಲೆ ಶಾಶ್ವತವಾಗಿ ದಕ್ಕೆಗೆ ಕಟ್ಟು. ಕಿವಿಯಮ್ಮ ಸೊಸೆಯೊಡನೆ ದೂರದ ಯಾನಕ್ಕೆ ಹೊರಡಬೇಕಾದವಳು. ಅಷ್ಟರಲ್ಲಿ ದೊಡ್ಡಮ್ಮನ ಉಪಕರಣಗಳಿಗೆ ವಿವರಣೆ ಬರೆಯುವ ಕೆಲಸವನ್ನು ತಾನೇ ಕೇಳಿ ಪಡೆದಿದ್ದಳು.

ಕಡಲಿನ ಆಳವನ್ನು ಮನುಷ್ಯ ಮೊದಲು ಅಳೆದದ್ದು ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ. ಗುಂಡಿನ ಅಡಿಯ ಕುಳಿಯಲ್ಲಿ ಕೊಬ್ಬನ್ನು ಮೆತ್ತಿದರೆ ತಳದ ಮರಳು ಅಂಟಿ ಬರುತ್ತಿತ್ತು; ಕಾಣದ ಲೋಕದ ಒಂದು ಚಿಟಿಕೆ ಪ್ರಸಾದ. ಅನಂತರ ಬಂದದ್ದು ಎಕೋ ಯಂತ್ರ. ಅದು ಹಡಗಿನ ಹೊಟ್ಟೆಯಿಂದ 'ಟಿಂಗ್' ಎಂದು ಕೂಗುತ್ತದೆ. ಕೂಗು ಇಳಿದು, ತಳಕ್ಕೆ ಬಡಿದು, ಹಿಂದಿರುಗುತ್ತದೆ. ಹಿಂದಿರುಗಿದ ಹೊತ್ತನ್ನು ಒಂದು ಮುಳ್ಳು ಸುರುಳಿ ಕಾಗದದ ಮೇಲೆ ಸುಟ್ಟು ಬರೆಯುತ್ತದೆ. ಕಂದು ಬಣ್ಣದ ಆ ಗೆರೆಯೇ ಕಡಲಿನ ನೆಲ. ಎಷ್ಟೋ ಜನ ಊಟ ನಿದ್ದೆ ಬಿಟ್ಟು ಆ ಗೆರೆಗೆ ಕಣ್ಣು ನೆಟ್ಟು ಕುಳಿತದ್ದರಿಂದಲೇ ಇಂದಿನ ಭೂಪಟಗಳಲ್ಲಿ ಕಡಲು ಬರಿಯ ನೀಲಿಯಾಗಿ ಉಳಿದಿಲ್ಲ. ಇದನ್ನು ನೆನೆದಾಗಲೆಲ್ಲ ಆಕೆಗೆ ಗರ್ಭಗುಡಿಯ ಮುಂದೆ ನಿಂತಂತೆ ಮೈ ಜುಮ್ಮೆನ್ನುತ್ತಿತ್ತು.

ಆ ಯಂತ್ರದ ಫಲಕದಲ್ಲಿ ಮಾತ್ರ ಆಕೆ ತುಸು ತಮಾಷೆ ಮಾಡಿದ್ದಳು. ಹಿಂದೊಮ್ಮೆ ಇದೇ ಯಂತ್ರ ನಡುಗಡಲಿನಲ್ಲಿ ಒಂದು ಮುಳುಗಿದ ಬೆಟ್ಟವನ್ನು ತೋರಿಸಿತ್ತಂತೆ. ನಕಾಶೆಯಲ್ಲಿ ಗುರುತೂ ಬಿತ್ತು. ಆಮೇಲೆ ಹುಡುಕಲು ಹೋದರೆ ಬೆಟ್ಟವಿಲ್ಲ, ಗುರುತನ್ನು ಅಳಿಸಿದರು. ಒಂದು ಸುತ್ತು ತಡವಾಗಿ ಹಿಂದಿರುಗಿದ ಕೂಗನ್ನು ಮುಳ್ಳಿನ ಹೊಸ ಸುತ್ತಿನದೆಂದು ತಿಳಿದರೆ ಆಳದ ನೆಲವೂ ಮೇಲಿದ್ದಂತೆ ಕಾಣುತ್ತದೆ. ಯಂತ್ರ ಓದುವವರ ಹಳೆಯ ತಪ್ಪು ಅದು. ಇದೂ ಅದೇ ಎಂದು ಆಕೆ ಊಹಿಸಿ ಬರೆದಿದ್ದಳು: 'ಇಲ್ಲದ ಬೆಟ್ಟ: ಓದುವವನು ತೂಕಡಿಸಿದರೆ ನೀರಿನಲ್ಲೂ ಬೆಟ್ಟ ಹುಟ್ಟುತ್ತದೆ.'

ಬೆಳಗ್ಗೆ ಆಕೆ ಫಲಕವನ್ನು ನೇರ ಮಾಡುವುದು, ಸಂಜೆಯೊಳಗೆ ಆತ ತಿರುಗಿಸುವುದು. ಆಕೆಗೆ ಅದೊಂದು ಆಟವಾಯಿತು. ನಿಜ ಹೇಳಬೇಕೆಂದರೆ, ಬೆಳಗ್ಗೆ ತಲೆ ಬಾಚಿಕೊಳ್ಳುವಾಗ ಆ ಆಟ ನೆನಪಾಗಿ ಕನ್ನಡಿಯ ಮುಂದೆ ಒಂದಿಷ್ಟು ಹೊತ್ತು ಹೆಚ್ಚೇ ನಿಲ್ಲುವಂತಾಯಿತು.

"ಇವತ್ತು ಇನ್ನೂ ತಿರುಗಿಸಿಲ್ಲ?" ಎಂದು ಬಾಗಿಲಲ್ಲಿ ನಿಂತು ಕೆಣಕುವಳು.

"ಕೈ ಕೊಳೆ. ತೊಳ್ಕೊಂಡು ಬಂದು ತಿರುಗಿಸ್ತೀನಿ."

"ಅಷ್ಟು ಮರ್ಯಾದೆ ಬೇರೆ."

ಆತನ ತುಟಿಯಂಚಿನಲ್ಲಿ ನಗೆ ಬರುವುದು. ಬಂದದ್ದು ಹೊಸ್ತಿಲು ದಾಟದೆ ಹಿಂದಕ್ಕೆ ಹೋಗುವುದು. ಆ ಹಿಂದೆ ಹೋದ ನಗೆಯನ್ನು ಹೊರಗೆ ಕರೆಯುವುದು ಹೇಗೆಂದು ಆಕೆ ಇಡೀ ದಿನ ಯೋಚಿಸುವಳು.

ಹೀಗಿರಲು ಒಂದು ಮಧ್ಯಾಹ್ನ ನೀರು ಹಿಡಿಯುವ ಸೀಸೆಗಳ ಸರದಿ ಬಂತು. ಹಿತ್ತಾಳೆಯ ಸೀಸೆಯನ್ನು ಬಾಯಿ ತೆರೆದು ತಂತಿಗೆ ಕಟ್ಟಿ ಆಳಕ್ಕೆ ಇಳಿಸಬೇಕು. ಬೇಕಾದ ಆಳ ಮುಟ್ಟಿದ ಮೇಲೆ ಮೇಲಿನಿಂದ ತಂತಿಯ ಗುಂಟ ಒಂದು ಚಿಕ್ಕ ಹಿತ್ತಾಳೆಯ ತುಂಡನ್ನು ಜಾರಿಬಿಡಬೇಕು. ಅದು ಹೋಗಿ ಬಡಿದರೆ ಸೀಸೆ ಮಗುಚಿ ಬಾಯಿ ಮುಚ್ಚಿಕೊಂಡು, ಆ ಆಳದ ನೀರನ್ನೇ ಹೊತ್ತು ತರುತ್ತದೆ. ಜಾರಿಬಿಡುವ ತುಂಡಿಗೆ ನಾವಿಕರು ಇಟ್ಟ ಹೆಸರು ದೂತ. ಹಂಸವೂ ಗಿಳಿಯೂ ಮುಗಿಲೂ ಪ್ರೇಮಿಗಳಿಗಾಗಿ ದೂತರಾದದ್ದನ್ನು ಹಳೆಯ ಕಾವ್ಯಗಳು ಹಾಡಿವೆ. ನೀರೊಳಗಿಳಿದು ಹೋಗುವ ಈ ಹಿತ್ತಾಳೆಯ ದೂತನನ್ನು ಹಾಡಿದವರಿಲ್ಲ.

"ಬಡಿದದ್ದು ಮೇಲಿರೋರಿಗೆ ಹೇಗೆ ಗೊತ್ತಾಗುತ್ತೆ?" ಎಂದು ಆತ ಕೇಳಿದ.

"ತಂತಿ ಹೇಳುತ್ತೆ. ಕೈ ಇಡಿ."

ಬಂದರಿನ ನೀರಿನಲ್ಲಿ ಸೀಸೆ ಇಳಿದಿತ್ತು. ಆತ ಬೆರಳಿಟ್ಟ. ಅಷ್ಟು ಬಿಗಿಯಾಗಿ ಹಿಡಿಯಬಾರದೆಂದು ಆಕೆ ಆತನ ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದಳು. "ಹಿಡೀಬೇಡಿ. ನಾಡಿ ನೋಡೋ ಹಾಗೆ ಮುಟ್ಟಿ, ಸಾಕು." ದೂತನನ್ನು ಬಿಟ್ಟಳು. ಇಬ್ಬರೂ ಉಸಿರು ಹಿಡಿದರು. ತಂತಿಯ ಒಳಗಿನಿಂದ, ಬಹಳ ದೂರದ ಮನೆಯ ಬಾಗಿಲನ್ನು ಯಾರೋ ತಟ್ಟಿದಂತೆ, ಒಂದು ಸಣ್ಣ ಮಿಡಿತ ಬೆರಳಿಗೆ ಬಂತು.

ಆತನ ಮುಖ ಅರಳಿತು. ಹಿಂದೆ ಹೋಗುತ್ತಿದ್ದ ನಗೆ ಆ ದಿನ ಹೊಸ್ತಿಲು ದಾಟಿತು. ಸೀಸೆ ಮೇಲೆ ಬಂದ ಮೇಲೂ ಇಬ್ಬರ ಬೆರಳುಗಳೂ ತಂತಿಯ ಮೇಲೆಯೇ ಇದ್ದವು. ಅದನ್ನು ಮೊದಲು ಗಮನಿಸಿದವರು ಯಾರೆಂಬುದು ಕಡೆಗೂ ಇತ್ಯರ್ಥವಾಗಲಿಲ್ಲ.

ಆ ಸಲಿಗೆಯಲ್ಲೇ ಆಕೆ ಕೇಳಿದಳು. "ಈಗಲಾದ್ರೂ ಹೇಳಿ. ಆ ಫಲಕದ ಮೇಲೆ ಯಾಕೆ ಕೋಪ?"

ಆತ ತಂತಿಯಿಂದ ಕೈ ತೆಗೆದ. "ತೂಕಡಿಸಿದವನು ಅಂತ ಬರೆದಿದ್ದೀರಲ್ಲ, ಅವರು ನಮ್ಮ ತಾತ."

ಆಕೆಯ ಕಾಲಡಿಯ ಹಡಗು ಒಮ್ಮೆ ಓಲಾಡಿದಂತಾಯಿತು.

ತಾತನಿಗೆ ಊರಿಟ್ಟ ಹೆಸರು ಬೆಟ್ಟದಯ್ಯ. ಅಂಗಡಿಗೆ ಹೋದರೆ "ಬೆಟ್ಟ ಸಿಕ್ತಾ?" ಎನ್ನುವರು. ಬೆಟ್ಟ ಅಗೆದು ಇಲಿ ಹಿಡಿದವರನ್ನು ಕಂಡಿದ್ದೇವೆ, ಬೆಟ್ಟವನ್ನೇ ಕಳಕೊಂಡವನು ಇವನೊಬ್ಬನೇ ಎಂದು ನಗುವರು. ತಾತ ಹಡಗಿನ ಕೆಲಸ ಬಿಟ್ಟ. ಕಡಲು ಕಾಣುವ ಕಿಟಕಿಗೆ ಬೀರು ಅಡ್ಡವಿಟ್ಟ. ಈಗ ಕೊನೆಯ ಯಾನಕ್ಕೆ ಕರೆ ಬಂದರೂ ಬರಲೊಲ್ಲೆ ಎನ್ನುತ್ತಾನೆ. ಮೊಮ್ಮಗ ಈ ಕೆಲಸ ಹಿಡಿದದ್ದೇ ತಾತನನ್ನು ಒಮ್ಮೆ ದೊಡ್ಡಮ್ಮನ ಮೇಲೆ ಕಾಲಿಡಿಸಬೇಕೆಂಬ ಆಸೆಯಿಂದ.

"ಒಂದು ಕೆಲಸ ಮಾಡಿ," ಎಂದ ಆತ. "ಬೆಟ್ಟ ಇತ್ತು ಅಂತ ಬರೀರಿ. ಒಂದು ದಿನದ ಮಟ್ಟಿಗೆ."

"ಇರಲಿಲ್ಲವಲ್ಲ."

"ಯಾರಿಗೆ ನಷ್ಟ?"

"ಈ ಹಡಗಿಗೆ. ಇದ್ದದ್ದನ್ನೇ ಬರೀಬೇಕು ಅಂತ ಇಷ್ಟು ಜನ ಇಲ್ಲಿ ಕಣ್ಣು ಸವೆಸಿದ್ದಾರೆ. ಬೇಕಾದ್ರೆ ಫಲಕ ತೆಗೆದುಬಿಡ್ತೀನಿ. ಸುಳ್ಳು ಮಾತ್ರ ನನ್ನ ಕೈಯಿಂದ ಬರಲ್ಲ."

"ಸುಳ್ಳು ಬೇಡ ಬಿಡಿ," ಎಂದ ಆತ ಮೆಲ್ಲನೆ. "ತೂಕಡಿಸಿದರು ಅನ್ನೋದು ನಿಜ ಅಂತ ನಿಮಗೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಅದು ಆಕೆಯ ಊಹೆ; ನಗಿಸಲೆಂದು ಬರೆದ ಮಾತು. ಆಕೆ ಅದನ್ನು ಒಪ್ಪಿಕೊಳ್ಳುವ ಮುನ್ನವೇ ಮೌನಿ ಸೀಸೆಯನ್ನು ಎತ್ತಿಕೊಂಡು ಹೊರಟುಹೋಗಿದ್ದ. ಮರುದಿನ ಫಲಕ ನೇರವಾಗಿಯೇ ಇತ್ತು. ಅದನ್ನು ತಿರುಗಿಸಲೂ ಆತ ಕೈಯಿಟ್ಟಿರಲಿಲ್ಲ. ಮುನಿಸಿಕೊಂಡವನು ಮರಳಿ ಬಂದಾನು, ಬಿಟ್ಟುಕೊಟ್ಟವನು ಬರುತ್ತಾನೆಯೇ?

ಫಲಕವನ್ನು ಗೋಡೆಯಿಂದ ಕಳಚಿ, ಆಕೆ ಅಂದೇ ತಾತನ ಮನೆಯ ಮೆಟ್ಟಿಲು ಹತ್ತಿದಳು.

ಕೋಣೆ ಅಚ್ಚುಕಟ್ಟಾಗಿತ್ತು. ಬೀರು ಕಿಟಕಿಗೆ ಬೆನ್ನು ಕೊಟ್ಟು ನಿಂತಿತ್ತು. ಅದರ ಅಂಚಿನಿಂದ ಕಡಲಿನ ಬೆಳಕು ಒಂದು ದಾರದಷ್ಟು ಒಳಗೆ ಬಿದ್ದಿತ್ತು.

"ನೀನೇನಮ್ಮಾ, ನನ್ನನ್ನ ತೂಕಡಿಸಿದವನು ಅಂತ ಬರೆದೋಳು?" ಎಂದ ತಾತ.

"ಹೌದು ತಾತ. ನೋಡದೆ ಬರೆದೆ. ತಪ್ಪಾಯ್ತು."

"ಕೂತ್ಕೋ. ಮನೆಗೆ ಬಂದು ಬೈಸ್ಕೊಳ್ಳೋರು ಈಗಿನ ಕಾಲದಲ್ಲಿ ಕಡಿಮೆ. ಟೀ ಈಗ ಕುಡೀತೀಯಾ, ಬೈದ ಮೇಲೆ ಕುಡೀತೀಯಾ?"

"ಜೊತೆಜೊತೆಗೇ ಆಗಲಿ ತಾತ."

ಮುದುಕ ನಕ್ಕ. ಮೊಮ್ಮಗ ಒಳಗಿನಿಂದ ಟೀ ತಂದಿಟ್ಟು, ಬಾಗಿಲಿಗೆ ಒರಗಿ ನೆಲ ನೋಡುತ್ತ ನಿಂತ.

"ಆ ರಾತ್ರಿ ನಾನು ಕಣ್ಣು ಮಿಟುಕಿಸಲಿಲ್ಲಮ್ಮ," ಎಂದು ತಾತ ಆರಂಭಿಸಿದ. "ಸಂಜೆ ಡ್ಯೂಟಿಗೆ ಕೂತೆ. ಸೂರ್ಯ ಮುಳುಗೋ ಹೊತ್ತಿಗೆ ಗೆರೆ ಏರೋಕೆ ಶುರುವಾಯ್ತು. ಎಷ್ಟು ಚೆಂದ ಏರ್ತು ಅಂದ್ರೆ, ಯಾರೋ ದಾರಿ ಕಡಿದಿಟ್ಟ ಗುಡ್ಡದ ಹಾಗೆ. ಡ್ಯೂಟಿ ಬದಲಾಯಿಸೋಕೆ ಬಂದವನನ್ನ ವಾಪಸ್ ಕಳಿಸಿಬಿಟ್ಟೆ. ಎದುರಿಗೆ ಹುಟ್ತಿರೋ ಮಗೂನ ಬಿಟ್ಟು ಯಾರಾದ್ರೂ ಎದ್ದು ಹೋಗ್ತಾರಾ? ರಾತ್ರಿಯೆಲ್ಲ ನೆತ್ತಿ ಸಮತಟ್ಟು. ಬೆಳಕು ಹರಿಯೋ ಹೊತ್ತಿಗೆ ಆ ಕಡೆ ಇಳಿಜಾರು."

ಟೀ ಲೋಟ ಆಕೆಯ ತುಟಿಯ ಬಳಿ ನಿಂತುಬಿಟ್ಟಿತು. "ಸಂಜೆ ಏರ್ತು. ಬೆಳಗ್ಗೆ ಇಳೀತು."

"ಅದೇ ಅಂದೆನಲ್ಲ."

"ತಾತ, ಆ ರಾತ್ರಿ ಹಡಗು ಇನ್ನೂ ನಿಧಾನ ಹೋಗಿದ್ದಿದ್ರೆ?"

"ಹೋಗಿದ್ದಿದ್ರೆ ಏನು? ಬೆಟ್ಟ ಬೆಟ್ಟವೇ."

"ಹುಡುಕೋಕೆ ಹೋದದ್ದು ಯಾವಾಗ? ಹಗಲಾ?"

"ಹಗಲೇ. ಸೀಸದ ಗುಂಡು ಇಳಿಸೋಕೆ ಬೆಳಕು ಬೇಕಿತ್ತು. ಗುಂಡು ಇಳೀತು, ಇಳೀತು, ನೆಲವೇ ಸಿಗಲಿಲ್ಲ. ಸಂಜೆಗೆ ಮುಂಚೆ ಹಡಗು ತಿರುಗಿಸಿಬಿಟ್ರು, ನಗ್ತಾ."

ಆಕೆ ಲೋಟವನ್ನು ಕೆಳಗಿಟ್ಟಳು. ಮುಳುಗುವ ಸೂರ್ಯನೊಡನೆ ಹುಟ್ಟಿ ಮೂಡುವ ಸೂರ್ಯನೊಡನೆ ಮುಗಿಯುವ ಬೆಟ್ಟ. ಹಡಗು ಎಷ್ಟು ದೂರ ಸಾಗಿದರೆ ಅಷ್ಟು ಅಗಲ. ಒಂದಿರುಳಿನ ಅಗಲದ ಬೆಟ್ಟ. ಇಷ್ಟು ದಿನ ಕಿವಿಯಮ್ಮ ಎನ್ನಿಸಿಕೊಂಡವಳು ಕೇಳಬೇಕಾದವರನ್ನೇ ಕೇಳಿರಲಿಲ್ಲ.

"ತಾತ, ಬೆಟ್ಟ ಇರಲಿಲ್ಲ. ಇತ್ತು ಅನ್ನೋಕೆ ನನ್ನಿಂದ ಈಗಲೂ ಆಗಲ್ಲ. ಆದ್ರೆ ನೀವು ನೋಡಿದ್ದು ಇತ್ತು. ಏನು ಅಂತ ಈಗ ಹೇಳಿದ್ರೆ ಅದೂ ಒಂದು ಮಾತಾಗಿ ಹೋಗುತ್ತೆ. ನಮ್ಮ ಜೊತೆ ಬನ್ನಿ. ಅದೇ ಜಾಗಕ್ಕೆ, ಅದೇ ಹೊತ್ತಿಗೆ, ಅದೇ ಯಂತ್ರದ ಮುಂದೆ ಕೂತು ನೋಡೋಣ."

"ಅಲ್ಲಿ ಏನೂ ಕಾಣದೇ ಹೋದ್ರೆ?" ತಾತನ ದನಿ ತಗ್ಗಿತು. "ಹಳೆಯವರೆಲ್ಲ ಇರ್ತಾರೆ. ಈ ವಯಸ್ಸಲ್ಲಿ ಮತ್ತೊಮ್ಮೆ ನಗಿಸ್ಕೊಳ್ಳೋ ಶಕ್ತಿ ನನಗಿಲ್ಲ ಮಗಳೇ."

"ಕಾಣದೇ ಹೋದ್ರೆ ನಿಮ್ಮ ಪಕ್ಕ ನಾನೂ ನಿಂತಿರ್ತೀನಿ. ಒಬ್ಬರನ್ನ ನೋಡಿ ನಗೋದಕ್ಕಿಂತ ಇಬ್ಬರನ್ನ ನೋಡಿ ನಗೋದು ಅವರಿಗೂ ಲಾಭ."

ಮೆಟ್ಟಿಲಿಳಿಯುವಾಗ ಮೌನಿ ಹಿಂದೆ ಬಂದ. "ತಾತ ಬರ್ತಾರಂತೆ," ಎಂದ. ಆಮೇಲೆ, ಕೊನೆಯ ಮೆಟ್ಟಿಲಲ್ಲಿ ನಿಂತು, "ಅವರನ್ನ ಎರಡನೇ ಸಲ ನಗೆಪಾಟಲು ಮಾಡಿದ್ರೆ ನನ್ನಿಂದ ನಿಮ್ಮ ಮುಖ ನೋಡೋಕಾಗಲ್ಲ."

"ನನ್ನ ಮುಖ ನನಗೂ ನೋಡೋಕಾಗಲ್ಲ," ಎಂದಳು ಆಕೆ. "ಯಂತ್ರ ಅಷ್ಟರಲ್ಲಿ ಸರಿಹೋಗುತ್ತಾ?"

"ಅದು ನನ್ನ ಪಾಲು."

ಕ್ಯಾಪ್ಟನ್ ನಕಾಶೆಯನ್ನು ನೋಡಿ, ಆಕೆಯನ್ನು ನೋಡಿ, "ಇಲ್ಲದ ಬೆಟ್ಟಕ್ಕೆ ಹಡಗು ಗುದ್ದೋ ಭಯ ಇಲ್ಲ ಬಿಡಿ," ಎಂದು ದಾರಿಯನ್ನು ಆ ಕಡೆಗೇ ಹಾಕಿದರು.

ಯಾನದ ದಿನ ಕಡಲು ಎಣ್ಣೆ ಸವರಿದ ಕಲ್ಲಿನಂತೆ ನುಣುಪಾಗಿತ್ತು. ತಾತ ಏಣಿಯ ಬಳಿ ಒಂದು ಗಳಿಗೆ ನಿಂತ. ಬಾಗಿ ಹಡಗಿನ ಕಬ್ಬಿಣವನ್ನು ಮುಟ್ಟಿ ಆ ಕೈಯನ್ನು ಕಣ್ಣಿಗೊತ್ತಿಕೊಂಡ. ಆಮೇಲೆ ಯಾರ ಕೈಯನ್ನೂ ಹಿಡಿಯದೆ ಹತ್ತಿದ. ಮೇಲೆ ಹಳೆಯ ಜೊತೆಗಾರರೆಲ್ಲ ಕುಳಿತಿದ್ದರು. ಅಂದು ಹಗ್ಗ ಸುತ್ತುವ ವಿಂಚ್ ತಿರುಗಿಸಿ ಸೀಸದ ಗುಂಡನ್ನು ಇಳಿಸಿದ್ದ ವಿಂಚ್ ಮಾವ ಬೊಚ್ಚು ಬಾಯಿ ತೆರೆದು, "ಏನಯ್ಯಾ ಬೆಟ್ಟದಯ್ಯ, ಬೆಟ್ಟದ ಮೇಲೆ ಮೇಯಿಸೋಕೆ ಕುರಿ ತಂದಿದ್ದೀಯಾ?" ಎಂದ.

"ನೀನಿದ್ದೀಯಲ್ಲ," ಎಂದ ತಾತ. ಹಡಗೆಲ್ಲ ನಕ್ಕಿತು. ಆದರೆ ತಾತನ ಕೈ ಮೊಮ್ಮಗನ ತೋಳನ್ನು ಬಿಗಿಯಾಗಿ ಹಿಡಿದಿದ್ದನ್ನು ಆಕೆ ಕಂಡಳು.

ಇಳಿಹೊತ್ತಿಗೆ ಆ ಜಾಗ ಮುಟ್ಟಿದರು. ಎಕೋ ಯಂತ್ರ ಎಷ್ಟೋ ವರ್ಷದ ಮೇಲೆ ಮೊದಲ ಸಲ 'ಟಿಂಗ್' ಎಂದಿತು. ಮುಳ್ಳು ತಿರುಗಿತು, ಸುಟ್ಟ ಕಾಗದದ ವಾಸನೆ ಕೋಣೆ ತುಂಬಿತು. ಆ ವಾಸನೆಗೆ ತಾತನ ಕಣ್ಣು ಒದ್ದೆಯಾಯಿತು. ಕೋಣೆಯೊಳಗೆ ಜಾಗವಿಲ್ಲದೆ ಹಿರಿಯರು ಬಾಗಿಲಲ್ಲಿ, ಕಿಟಕಿಯಲ್ಲಿ ತಲೆ ತೂರಿಸಿದ್ದರು.

ಗೆರೆ ಚಪ್ಪಟೆಯಾಗಿತ್ತು. ಬಹಳ ಹೊತ್ತು ಚಪ್ಪಟೆಯಾಗಿಯೇ ಇತ್ತು.

"ಬಯಲುಸೀಮೆ," ಎಂದ ವಿಂಚ್ ಮಾವ.

ಯಾರೋ ಕಿಸಕ್ಕೆಂದರು. ಎದುರು ಮೌನಿ ಯಂತ್ರದ ಮಗ್ಗುಲಲ್ಲಿ ನಿಂತು ಆಕೆಯನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಆಕೆಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು. ಆಕೆ ಕಿಟಕಿಯಾಚೆ ನೋಡಿದಳು. ಸೂರ್ಯನ ಅಂಚು ನೀರನ್ನು ಮುಟ್ಟಿತ್ತು. ನೀರು ಹೊನ್ನಾಗಿ, ತಾಮ್ರವಾಗಿ, ಬೂದಿಯಾಗಿ ತಿರುಗುತ್ತಿತ್ತು.

"ಬಂತು," ಎಂದ ತಾತ.

ಬೇರೆ ಯಾರಿಗೂ ಏನೂ ಕಾಣಲಿಲ್ಲ. ತಾತ ಕಾಗದದ ಬಳಿ ಬಾಗಿದ. ಗೆರೆ ಕೂದಲೆಳೆಯಷ್ಟು ಬಾಗಿತ್ತು. ಮುಂದಿನ ಟಿಂಗ್‌ಗೆ ಇನ್ನೊಂದು ಎಳೆ. ಮತ್ತೊಂದು. ಆಮೇಲೆ ಯಾರೂ ಅಲ್ಲಗಳೆಯಲಾಗದಂತೆ, ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಕಡಲಿನೊಳಗಿನಿಂದ ಒಂದು ಬೆಟ್ಟ ಎದ್ದು ಬರತೊಡಗಿತು.

ಬಾಗಿಲಲ್ಲಿದ್ದ ತಲೆಗಳು ಇನ್ನಷ್ಟು ಒಳಗೆ ತೂರಿಕೊಂಡವು.

"ಇದು ನೆಲ ಅಲ್ಲ," ಎಂದಳು ಆಕೆ. ತನ್ನ ದನಿ ತನಗೇ ಬೇರೆಯದಾಗಿ ಕೇಳಿಸಿತು. "ನೆಲ ಇನ್ನೂ ಎಷ್ಟೋ ಕೆಳಗಿದೆ, ಈ ಹಳೇ ಯಂತ್ರದ ಕೂಗು ಅಲ್ಲಿಗೆ ಮುಟ್ಟಲ್ಲ. ಇವು ಜೀವಗಳು. ಸಣ್ಣ ಮೀನು, ಸೀಗಡಿ, ಲೋಳೆಮೀನು, ಎಣಿಕೆಗೆ ಸಿಗದಷ್ಟು. ಹಗಲು ತಮ್ಮನ್ನ ತಿನ್ನೋರಿಗೆ ಹೆದರಿ ಕತ್ತಲ ಆಳದಲ್ಲಿ ಅಡಗಿರ್ತವೆ. ಸೂರ್ಯ ಮುಳುಗಿದ ತಕ್ಷಣ ಊಟಕ್ಕೆ ಒಟ್ಟಿಗೇ ಮೇಲೆ ಬರ್ತವೆ, ಬೆಳಗಾಗೋಷ್ಟರಲ್ಲಿ ಇಳಿದುಬಿಡ್ತವೆ. ಮೀನುಗಳ ಹೊಟ್ಟೆಯ ಗಾಳಿಚೀಲಕ್ಕೆ ಬಡಿದು ನಮ್ಮ ಕೂಗು ಹಿಂದಕ್ಕೆ ಬರ್ತಿದೆ. ಭೂಮಿಯ ಮೇಲೆ ಇದಕ್ಕಿಂತ ದೊಡ್ಡ ವಲಸೆ ಇಲ್ಲ. ದಿನಾ ನಡೆಯುತ್ತೆ, ಅಲ್ಲಲ್ಲಿಯ ಮುಸ್ಸಂಜೆಗೆ, ಎಲ್ಲ ಕಡಲಲ್ಲೂ. ತಾತ ಅಂದು ಬೆಟ್ಟ ಅಂದ್ಕೊಂಡದ್ದು ಇದನ್ನ."

ಸಣ್ಣ ಬಲೆಯೊಂದನ್ನು ಇಳಿಸಿ ಎತ್ತಿ, ಬಕೆಟ್ಟಿನ ನೀರಿಗೆ ಸುರಿದರು. ಮುಸ್ಸಂಜೆಯ ಮಬ್ಬಿನಲ್ಲಿ ಎಲ್ಲರೂ ಬಾಗಿ ನೋಡಿದರು. ಕಿರುಬೆರಳಿನಷ್ಟು ಮೀನುಗಳು, ಒಂದೊಂದರ ಹೊಟ್ಟೆಯ ಗುಂಟ ನೀಲಿ ದೀಪಗಳ ಸಾಲು. ಯಾರೂ ಹಚ್ಚದ ದೀಪ, ಯಾರಿಗೂ ಕಾಣಿಸಲೆಂದು ಉರಿಯದ ದೀಪ. ಮೇಲೆ ಒಂದೊಂದೇ ನಕ್ಷತ್ರ ಮೂಡುತ್ತಿತ್ತು. ಸೃಷ್ಟಿಸಿದವನು ಮನುಷ್ಯನ ಕಣ್ಣಿಗಾಗಿ ಕಾಯದೆ ಅಷ್ಟು ಆಳದಲ್ಲೂ ದಿನದಿನವೂ ಹಬ್ಬ ಮಾಡುತ್ತಿದ್ದನೆಂಬುದನ್ನು ನೆನೆದು ಆಕೆಯ ಕೈಗಳು ತಾವಾಗಿಯೇ ಜೋಡಿಕೊಂಡವು.

ತಾತ ಬಕೆಟ್ಟಿನೊಳಗೆ ಕೈಯಿಟ್ಟ. ದೀಪಗಳು ಬೆರಳುಗಳ ಸಂದಿನಲ್ಲಿ ಹರಿದಾಡಿದವು.

"ಅಂದ್ರೆ ನಾನು ಹೇಳಿದ್ದು ತಪ್ಪೇ," ಎಂದ.

"ತಪ್ಪೇ ತಾತ. ಬೆಟ್ಟ ಅಲ್ಲ."

"ಆದ್ರೆ ತೂಕಡಿಸಲಿಲ್ಲ."

"ಒಂದು ರೆಪ್ಪೆಯೂ ಮುಚ್ಚಲಿಲ್ಲ."

"ಸಾಕು ಬಿಡಮ್ಮಾ." ಮುದುಕ ಒಂದು ಮೀನನ್ನು ನೀರಿನೊಡನೆ ಬೊಗಸೆಗೆ ಎತ್ತಿಕೊಂಡ. "ಬೆಟ್ಟ ಆಗಿದ್ದಿದ್ರೆ ಒಂದು ಕಲ್ಲು. ಇದು ಸಂತತಿ."

ವಿಂಚ್ ಮಾವ ತಾತನ ಪಕ್ಕ ಮಂಡಿಯೂರಿದ. ಅವನ ಬಾಯಲ್ಲಿ ತಮಾಷೆ ಉಳಿದಿರಲಿಲ್ಲ. "ಅವತ್ತು ನನ್ನ ಗುಂಡು ಇವುಗಳ ನಡುವೆನೇ ಇಳಿದು ಹೋಯ್ತೇನೋ ಮಾರಾಯ. ಒಂದಕ್ಕೂ ಪೆಟ್ಟಾಗದಿದ್ರೆ ಸಾಕು." ತಾತ ಒದ್ದೆ ಕೈಯನ್ನು ಅವನ ಹೆಗಲ ಮೇಲಿಟ್ಟ. ಇಷ್ಟು ವರ್ಷದ ನಗೆ ಅಲ್ಲಿಗೆ ತೀರಿತು.

ಬಕೆಟ್ಟನ್ನು ಮೆಲ್ಲನೆ ಕಡಲಿಗೇ ಮಗುಚಿದರು.

ನಸುಕಿನಲ್ಲಿ ಆಕೆ ಎದ್ದು ಬಂದಾಗ ತಾತ ಯಂತ್ರದ ಮುಂದೆಯೇ ಕುಳಿತಿದ್ದ. ಆಚೆಯ ಇಳಿಜಾರನ್ನು ಮುಳ್ಳು ಬರೆಯುತ್ತಿತ್ತು. "ಇಲ್ಲೇನು ನೋಡ್ತೀಯಾ?" ಎಂದ ತಿರುಗದೆಯೇ. "ಹಿಂದುಗಡೆ ಹೋಗು. ನನ್ನ ಮೊಮ್ಮಗ ಆವಾಗಿನಿಂದ ಒಂದು ಸೀಸೆ ಕಟ್ತಾ ಇದ್ದಾನೆ. ಅಷ್ಟು ಹೊತ್ತು ಕಟ್ಟೋಕೆ ಅದೇನು ತಾಳಿಯಾ?"

ಹಡಗಿನ ಹಿಂಬದಿಯಲ್ಲಿ ಮೌನಿ ತಂತಿಯ ಬಳಿ ನಿಂತಿದ್ದ. ಮೂಡಣದಲ್ಲಿ ಬೆಳಕು ಇನ್ನೂ ಬಣ್ಣವಾಗಿರಲಿಲ್ಲ. ಸೀಸೆ ಆಗಲೇ ಆಳಕ್ಕೆ ಇಳಿದಿತ್ತು. ಆತನ ಅಂಗೈಯಲ್ಲಿ ಹಿತ್ತಾಳೆಯ ದೂತ.

"ಮಾತಾಡೋಕೆ ಬರಲ್ಲ ನಂಗೆ," ಎಂದ.

"ಊರಿಗೆಲ್ಲ ಗೊತ್ತಿದೆ."

"ಕೈ ಇಡಿ. ಬಿಗಿಯಾಗಿ ಬೇಡ. ನಾಡಿ ನೋಡೋ ಹಾಗೆ."

ಆಕೆ ತಂತಿಯ ಮೇಲೆ ಬೆರಳಿಟ್ಟಳು. ಆತ ದೂತನನ್ನು ಬಿಟ್ಟ. ಹಿತ್ತಾಳೆ ನೀರನ್ನು ಸೀಳಿ ಕಾಣದಾಯಿತು. ಬಂದರಿನಲ್ಲಿ ಉಸಿರು ಹಿಡಿಯುವಷ್ಟರಲ್ಲಿ ಮುಗಿದದ್ದು ಇಲ್ಲಿ ಮುಗಿಯಲೊಲ್ಲದು, ಇದು ನಡುಗಡಲು. ದೂತ ಇಳಿಯುತ್ತಲೇ ಇದ್ದ, ಮನೆಗೆ ಮರಳುತ್ತಿರುವ ಲಕ್ಷೋಪಲಕ್ಷ ದೀಪಗಳ ನಡುವೆ, ಅವುಗಳ ಜೊತೆಗೇ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಕಣ್ಣು ತಪ್ಪಿಸಲು ಇಬ್ಬರಿಗೂ ನೆಪವಿರಲಿಲ್ಲ. ಆತನ ಹಣೆಯ ಮೇಲೆ ಇಂದೂ ಗ್ರೀಸಿನ ಗೆರೆಯಿತ್ತು. ಸೆರಗಿನಿಂದ ಒರೆಸಲೇ ಎಂದುಕೊಂಡಳು, ಬೆರಳು ತೆಗೆಯುವ ಧೈರ್ಯ ಬರಲಿಲ್ಲ.

ಆಗ ಬಂತು, ಆ ಸಣ್ಣ ಮಿಡಿತ.

"ಏನಂತು?" ಎಂದ ಆತ.

"ತಲುಪಿದೆ ಅಂತು."

"ಉತ್ತರ?"

"ಸೀಸೆ ಮೇಲೆ ಬರಲಿ. ಅಷ್ಟು ಆಳಕ್ಕೆ ಕಳಿಸಿದವರು ಒಂದಿಷ್ಟು ಕಾಯಬೇಕಪ್ಪ." ಹಾಗೆಂದವಳೇ ತಂತಿಯ ಮೇಲಿದ್ದ ಆತನ ಬೆರಳುಗಳ ಮೇಲೆ ತನ್ನ ಕೈಯನ್ನು ಮುಚ್ಚಿದಳು. ಕಾಯಿಸುವುದು ಬರಿಯ ಮಾತಾಗಿ ಉಳಿಯಿತು.

"ನೀವು ಸೊಸೆ ಜೊತೆ ಹೊರಟುಬಿಡ್ತೀರಲ್ಲ," ಎಂದ ಆತ.

"ಹೊರಡ್ತೀನಿ. 'ನೀವು' ಅಂದವರಿಗೆ ಯಾವಾಗ ಬರ್ತೀನಿ ಅಂತ ಹೇಳಲ್ಲ."

"ಯಾವಾಗ ಬರ್ತೀಯಾ?"

"ಅವು ದಿನಾ ಹೋಗಿ ದಿನಾ ಬರ್ತವೆ, ನೋಡಿದೆಯಲ್ಲ. ಹೋಗೋದು ಬರೋದಕ್ಕೇ ಕಣೋ."

ದೊಡ್ಡಮ್ಮ ದಡಕ್ಕೆ ಮರಳಿದಳು; ಹಗ್ಗಗಳನ್ನು ಕಟ್ಟಿದರು, ಇನ್ನು ಬಿಚ್ಚುವುದಿಲ್ಲ. ಯಂತ್ರದ ಕೋಣೆಯಲ್ಲಿ ಈಗ ಆ ಇರುಳಿನ ಕಾಗದದ ಸುರುಳಿಯನ್ನು ಗೋಡೆಯುದ್ದಕ್ಕೂ ಹರಡಿ ಗಾಜು ಹಾಕಿಸಿದ್ದಾರೆ: ಒಂದು ಏರು, ಒಂದು ನೆತ್ತಿ, ಒಂದು ಇಳಿಜಾರು. ಕೆಳಗೆ ಹೊಸ ಫಲಕ: 'ಇದನ್ನು ಮೊದಲು ಕಂಡವರು ಇದನ್ನು ಬೆಟ್ಟವೆಂದರು. ಇಡೀ ಇರುಳು ಎಚ್ಚರವಿದ್ದು ನೋಡಿದ್ದರು.' ಆ ಫಲಕವನ್ನು ಯಾರೂ ತಿರುಗಿಸುವುದಿಲ್ಲ. ತಾತ ವಾರಕ್ಕೊಮ್ಮೆ ಬಂದು ಅದರ ಧೂಳು ಒರೆಸುತ್ತಾನೆ. ನೋಡಲು ಬಂದವರಿಗೆ ವಿಂಚ್ ಮಾವ ಕಥೆ ಹೇಳುತ್ತಾನೆ, ತನ್ನ ಪಾಲನ್ನು ಸ್ವಲ್ಪ ಹಿಗ್ಗಿಸಿ.

ತಾತನ ಮನೆಯಲ್ಲಿ ಬೀರು ಎದುರುಗೋಡೆಗೆ ಹೋಗಿದೆ. ಸಂಜೆಯಾದರೆ ಮೌನಿ ಆ ಕಿಟಕಿಯಲ್ಲಿ ನಿಲ್ಲುತ್ತಾನೆ. ಸೂರ್ಯನ ಅಂಚು ನೀರನ್ನು ಮುಟ್ಟಿದಾಗ, ದೂರದ ಯಾವುದೋ ಕಡಲಿನಲ್ಲಿ ಆಕೆಯೂ ಅಲ್ಲಿನ ಮುಸ್ಸಂಜೆಗೆ ಇದೇ ಬೆಟ್ಟ ಏಳುವುದನ್ನು ಆಲಿಸುತ್ತಾಳೆಂದು ಆತನಿಗೆ ಗೊತ್ತು. ಕಿಟಕಿಯ ಸರಳಿನ ಮೇಲೆ ಆತನ ಬೆರಳು ಹಗುರವಾಗಿ, ನಾಡಿ ನೋಡುವಂತೆ ಕೂರುತ್ತದೆ.

ಈ ಕಥೆಯನ್ನು ಕೇಳಿದವರ, ಓದಿದವರ, ಇನ್ನೊಬ್ಬರಿಗೆ ಹೇಳಿದವರ ಕೂಗು ಯಾವ ಆಳಕ್ಕಿಳಿದರೂ ಉತ್ತರವಿಲ್ಲದೆ ಹಿಂದಿರುಗದಿರಲಿ. ಅವರು ಕಂಡದ್ದನ್ನು ಲೋಕ ನಗದೆ ಆಲಿಸಲಿ. ಕಡಲಿಗೆ ಹೋದವರು ದಡ ಸೇರಲಿ, ದಡದಲ್ಲಿ ಕಾದವರ ಕಣ್ಣು ತಣಿಯಲಿ. ಕಾಣದ ಆಳದಲ್ಲಿ ದೀಪ ಹಚ್ಚಿದವನು ಎಲ್ಲರ ಮನೆಯಲ್ಲೂ ಒಂದು ದೀಪವನ್ನು ಕಾಯಲಿ.